ಪ್ಯಾನೆಲ್‌ನಲ್ಲಿ 62, ಬಕೆಟ್‌ನಲ್ಲಿ 81

ಹೋಟೆಲಿನ ಎಂಜಿನಿಯರಿಂಗ್ ವಿಭಾಗದಲ್ಲಿ ‘ಬಿಸಿನೀರು ಬರುತ್ತಿಲ್ಲ’ ಎಂಬ ದೂರಿಗೆ ಸಿಗುವ ಗಮನದ ಕಾಲುಭಾಗವೂ ‘ನೀರು ವಿಪರೀತ ಸುಡುತ್ತಿದೆ’ ಎಂಬ ದೂರಿಗೆ ಸಿಗುವುದಿಲ್ಲ. ಮೈಸೂರಿನ ಚಳಿಯಲ್ಲಂತೂ ಎರಡನೆಯದನ್ನು ದೂರೆಂದೇ ಯಾರೂ ಎಣಿಸುವುದಿಲ್ಲ. ಕಳೆದ ಮಾಘದಲ್ಲಿ ಹೌಸ್‌ಕೀಪಿಂಗ್‌ನವರು ಈ ಮಾತನ್ನು ಮತ್ತೆ ಮತ್ತೆ ಬರೆಸಿದ್ದರು. ನಮ್ಮ ಲಾಗ್‌ಬುಕ್ಕಿನಲ್ಲಿ ಅದರ ಮುಂದೆ ‘ಅತಿಥಿಗಳಿಗೆ ಮಿಕ್ಸರ್ (ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿ) ಬಳಸುವ ಕ್ರಮ ತಿಳಿಸಲಾಯಿತು, ಕ್ಲೋಸ್ಡ್’ ಎಂದು ಅಚ್ಚುಕಟ್ಟಾಗಿ ದಾಖಲಾಗಿತ್ತು. ಹಾಗೆ ಬರೆದು ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ನಮ್ಮ ಪ್ಲಾಂಟ್ ರೂಮಿನಲ್ಲಿರುವುದು ಎಲ್‌ಪಿಜಿಯಿಂದ ಉರಿಯುವ ಹಾಟ್ ವಾಟರ್ ಜನರೇಟರ್, ಎಂದರೆ ನೀರು ಕಾಯಿಸುವ ಬಾಯ್ಲರ್. ದಿನನಿತ್ಯದ ಉಷ್ಣತೆಯನ್ನು ಕಾಯುವುದು ಡಿಜಿಟಲ್ ಕಂಟ್ರೋಲರ್. ಪಿಟಿ-100 ಎಂಬ ಉಷ್ಣತೆ ಅಳೆಯುವ ಪ್ರೋಬ್‌ನಿಂದ ಅಳತೆ ಪಡೆದು 60 ಡಿಗ್ರಿಗೆ ಬರ್ನರ್ ನಿಲ್ಲಿಸಿ 55ಕ್ಕೆ ಮತ್ತೆ ಹೊತ್ತಿಸುತ್ತದೆ. ಅದರಿಂದ ಸಂಪೂರ್ಣ ಬೇರೆಯಾಗಿ, ಶಾಖ ಗ್ರಹಿಸುವ ತನ್ನದೇ ಬಲ್ಬ್, ತನ್ನದೇ ಕ್ಯಾಪಿಲರಿ (ಸಪೂರ ಕೊಳವೆ) ಇರುವ ಹೈ ಲಿಮಿಟ್ ಎಂಬ ರಕ್ಷಣಾ ಸ್ವಿಚ್ ಒಂದಿದೆ. ಅದು 85 ಡಿಗ್ರಿಗೆ ಗ್ಯಾಸ್ ವಾಲ್ವಿನ ವಿದ್ಯುತ್ತನ್ನೇ ಕಡಿದುಹಾಕುತ್ತದೆ. ನೀರು ತಣಿದ ಮೇಲೆ ಮುಚ್ಚಳ ಬಿಚ್ಚಿ ಕೈಯಿಂದ ರೀಸೆಟ್ ಒತ್ತಿದ ಹೊರತು ಬಿಡುವುದಿಲ್ಲ. ಇವೆರಡೂ ಸೋತರೆ ಕೊನೆಗೆ ಉಳಿಯುವುದು ಒತ್ತಡಕ್ಕೆ ತೆರೆದುಕೊಳ್ಳುವ ಸೇಫ್ಟಿ ವಾಲ್ವ್ ಮಾತ್ರ.

60ನ್ನು ಯಾರೋ ಮನಸ್ಸಿಗೆ ಬಂದಂತೆ ಇಟ್ಟದ್ದಲ್ಲ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ನ್ಯುಮೋನಿಯಾ ತರಬಲ್ಲ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುವುದರಿಂದ ಸಂಗ್ರಹವನ್ನು 60ರಲ್ಲಿ, ಕಟ್ಟಡ ಸುತ್ತಿ ಟ್ಯಾಂಕಿಗೆ ಮರಳುವ ರಿಟರ್ನ್ ಲೈನನ್ನು 50ರ ಮೇಲೆ ಇಡಬೇಕು. ಆದರೆ ಅದೇ 60 ಡಿಗ್ರಿಯ ನೀರು ವಯಸ್ಕರ ಚರ್ಮವನ್ನೂ ಸುಮಾರು 5 ಸೆಕೆಂಡಿನಲ್ಲಿ ಸುಡುತ್ತದೆ, 70ಕ್ಕೆ ಒಂದು ಸೆಕೆಂಡು ಸಾಕು. ಆದ್ದರಿಂದ ನಲ್ಲಿಯ ಹತ್ತಿರ ತಣ್ಣೀರು ತಾನೇ ಬೆರೆಸಿ ಉಷ್ಣತೆಯನ್ನು ಹದದಲ್ಲಿಡುವ ಥರ್ಮೋಸ್ಟ್ಯಾಟಿಕ್ ಮಿಕ್ಸಿಂಗ್ ವಾಲ್ವ್ ಇರಬೇಕು. ನಮ್ಮ ಕೋಣೆಗಳಲ್ಲಿರುವುದು ನೋಡಲು ಚೆಂದವಾದ, ಉಷ್ಣತೆಯ ಗೊಡವೆಯೇ ಇಲ್ಲದ ಸಿಂಗಲ್ ಲಿವರ್ ಮಿಕ್ಸರ್.

ಮದುವೆಯ ಬುಕಿಂಗ್ ಇದ್ದ ಹಿಂದಿನ ಸಂಜೆ ನಮ್ಮ ವಿಭಾಗದ ಮುಖ್ಯಸ್ಥರಾದ ಚೀಫ್ ಸಾರ್ ಸೆಟ್ ಪಾಯಿಂಟ್ (ಬರ್ನರ್ ನಿಲ್ಲುವ ಉಷ್ಣತೆ) 65 ಮಾಡಲು ಹೇಳಿದರು. ಲೆಕ್ಕ ತಪ್ಪೇನಲ್ಲ: ಟ್ಯಾಂಕಿನ ನೀರು ಹೆಚ್ಚು ಬಿಸಿಯಾಗಿದ್ದಷ್ಟೂ ತಣ್ಣೀರು ಬೆರೆಸಿ ಹೆಚ್ಚು ಜನರಿಗೆ ಸ್ನಾನ ಮಾಡಿಸಬಹುದು. ಮುಹೂರ್ತ ಬೆಳಿಗ್ಗೆ ಬೇಗ ಇದ್ದುದರಿಂದ ನಾಲ್ಕೂವರೆಯಿಂದ ಎಲ್ಲ ಮಹಡಿಗಳಲ್ಲೂ ಒಟ್ಟಿಗೆ ನಲ್ಲಿ ತಿರುಗುವುದೂ ಖಚಿತವಿತ್ತು. ಇಷ್ಟೆಲ್ಲ ಮುಂದಾಲೋಚನೆ ಮಾಡಿದ ನಮಗೆ ಪ್ರೋಬ್ ಎಲ್ಲಿ ಕೂತಿದೆ ಎಂದು ನೋಡುವ ಆಲೋಚನೆ ಮಾತ್ರ ಬರಲಿಲ್ಲ.

ನಾಲ್ಕು ಗಂಟೆ ದಾಟುತ್ತಿದ್ದಂತೆ ಹೂಟರ್ ಹೊಡೆದು ಬರ್ನರ್ ನಿಂತಿತು. ಫ್ಲೇಮ್ ಫೇಲ್ಯೂರ್, ಎಂದರೆ ಜ್ವಾಲೆ ಆರಿದ್ದು, ಆಗಿದ್ದರೆ ಚಳಿಗೆ ಗ್ಯಾಸ್ ಬ್ಯಾಂಕಿನಲ್ಲಿ ಒತ್ತಡ ಕುಸಿದಿದೆ ಎಂದುಕೊಳ್ಳಬಹುದಿತ್ತು. ಉರಿಯುತ್ತಿದ್ದುದು ಹೈ ಲಿಮಿಟ್ ದೀಪ. ಕಂಟ್ರೋಲರ್ ಮೇಲೆ ಕೆಂಪಕ್ಷರದಲ್ಲಿ 62 ಎಂದಿತ್ತು. 62 ಡಿಗ್ರಿಯ ನೀರಿಗೆ 85ರ ಲಿಮಿಟ್ ಏಕೆ ಬಿದ್ದು ಬರ್ನರ್ ನಿಲ್ಲಿಸಬೇಕು? ಲಿಮಿಟ್ ಹಳತಾಗಿ ಸೋತಿದೆ ಎಂದು ಆ ಗಳಿಗೆಯಲ್ಲೇ ತೀರ್ಮಾನಿಸಿಬಿಟ್ಟೆ. ರೀಸೆಟ್ ಮೊದಲು ಹಿಡಿಯಲಿಲ್ಲ, ಸ್ವಲ್ಪ ಹೊತ್ತಿನ ನಂತರ ಹಿಡಿಯಿತು. ಅಷ್ಟರಲ್ಲಿ ಮೇಲೆ ನಲ್ಲಿಗಳು ತೆರೆದು, ಟ್ಯಾಂಕಿಗೆ ತಣ್ಣೀರು ನುಗ್ಗಿ ಬಲ್ಬ್ ತಣಿದಿತ್ತು ಎಂಬ ಸರಳ ಕಾರಣ ಹೊಳೆಯಲಿಲ್ಲ. ಬರ್ನರ್ ಹೊತ್ತಿ, ಸಂಖ್ಯೆ 63 ಆಗುವಷ್ಟರಲ್ಲಿ ಮತ್ತೆ ಹೂಟರ್ ಹೊಡೆಯಿತು. ಫ್ರಂಟ್ ಆಫೀಸಿನ ಫೋನು ಇನ್ನೊಂದು ಕಡೆ. ಸ್ಕ್ರೂಡ್ರೈವರ್ ಹಿಡಿದು ಲಿಮಿಟ್‌ನ ಡಯಲನ್ನು 95ಕ್ಕೆ ತಿರುಗಿಸಲು ಬಗ್ಗಿದೆ.

ಬಾಯ್ಲರ್ ನೋಡಿಕೊಳ್ಳುವ ಹಿರಿಯ ಟೆಕ್ನಿಷಿಯನ್, ನಮಗೆಲ್ಲ ‘ಅಣ್ಣ’, ತಡೆದರು. “ಸಾರ್, ಲಿಮಿಟ್ ಆಮೇಲೆ ತಿರುಗ್ಸಿ. ಮೊದ್ಲು ಒಂದ್ ಬಕೆಟ್ ನೀರ್ ಹಿಡ್ದು ನೋಡ್ಬಿಡೋಣ.”

ಬಿಸಿನೀರು ಹೊರಹೋಗುವ ದಪ್ಪ ಪೈಪಿನಲ್ಲಿ (ಔಟ್‌ಲೆಟ್ ಹೆಡರ್) ಪರೀಕ್ಷೆಗೆ ನೀರು ಹಿಡಿಯುವ ಸ್ಯಾಂಪಲ್ ಕಾಕ್ ಒಂದಿದೆ. ಅದನ್ನು ಅವರು ತೆರೆದಾಗ ಮೊದಲು ಕೆಸರುಗೆಂಪು ನೀರು ಉಗುಳಿ, ಆಮೇಲೆ ಸ್ಟೀಲ್ ಬಕೆಟ್ಟಿನ ಮೇಲೆ ಕೈ ಇಡಲಾಗದಷ್ಟು ಹಬೆ ಎದ್ದಿತು. ಡಯಲ್ ಥರ್ಮಾಮೀಟರಿನ ಮುಳ್ಳು 60 ದಾಟಿತು, 70 ದಾಟಿತು, 81ರಲ್ಲಿ ನಡುಗುತ್ತ ನಿಂತಿತು. ಪ್ಯಾನೆಲ್ ಇನ್ನೂ 62 ಎನ್ನುತ್ತಿತ್ತು. ಆ ನೀರು ಆಗ ನಾಲ್ಕು ಮಹಡಿಗಳ ಬಚ್ಚಲುಗಳಿಗೆ ಹೋಗುತ್ತಿತ್ತು, ಮದುವೆಮನೆಯೆಂದರೆ ಮಕ್ಕಳಿಗೂ ಮುದುಕರಿಗೂ ಕೊರತೆಯಿಲ್ಲ.

ಸಪ್ಲೈ ವಾಲ್ವ್ ಮುಚ್ಚುವುದೋ ಬೇಡವೋ ಎಂದು ಯಾರನ್ನೂ ಕೇಳುವ ಸಮಯವಿರಲಿಲ್ಲ. ಮುಚ್ಚಿದೆವು. ಅಣ್ಣ ಡ್ರೈನ್ ತೆರೆದು ಟ್ಯಾಂಕಿಗೆ ತಣ್ಣೀರು ಎಳೆಸುತ್ತಿದ್ದರೆ ನಾನು ಫೋನಿಗೆ ಉತ್ತರಿಸುತ್ತಿದ್ದೆ. ಡ್ಯೂಟಿ ಮ್ಯಾನೇಜರ್ ಸಿಟ್ಟಿನಿಂದ, ಆದರೆ ನ್ಯಾಯವಾಗಿಯೇ, “ಹೆಣ್ಣಿನ ಕಡೆಯವರು ಸೋಪು ಹಚ್ಚಿಕೊಂಡು ನಿಂತಿದ್ದಾರೆ, ಏನು ಹೇಳಲಿ?” ಎಂದು ಕೇಳಿದರು. ಪೈಪಿನಲ್ಲಿ ಉಳಿದದ್ದು ಸುಡುನೀರು, ಬರೀ ತಣ್ಣೀರಿನ ಕಡೆಗೆ ಲಿವರ್ ತಿರುಗಿಸಿಕೊಳ್ಳುವಂತೆ ಪ್ರತಿ ಕೋಣೆಗೂ ಕರೆ ಮಾಡಿಸಿ ಎಂದಷ್ಟೇ ಹೇಳಲಾಯಿತು. ಬಕೆಟ್ಟಿನ ಮುಳ್ಳು 60ಕ್ಕೆ ಇಳಿಯುವವರೆಗಿನ ಆ ಹೊತ್ತಿನಲ್ಲಿ ನಮ್ಮ ವಿಭಾಗಕ್ಕೆ ಸಿಕ್ಕ ಬೈಗುಳವನ್ನು ಇಲ್ಲಿ ಬರೆಯುವುದು ಬೇಡ. ಯಾರಿಗೂ ಸುಡಲಿಲ್ಲ, ಅದು ನಮ್ಮ ಜಾಣತನದಿಂದಲ್ಲ.

ಬೆಳಕು ಹರಿದ ಮೇಲೆ ಏಣಿ ಹಾಕಿ ನೋಡಿದಾಗ ವಿಷಯ ತಿಳಿಯಿತು. ಡಿಸ್ಕೇಲಿಂಗ್‌ಗೆ (ಒಳಗೆ ಕಟ್ಟಿದ ಸುಣ್ಣದ ಪದರ ತೆಗೆಯಲು) ಬಂದ ಗುತ್ತಿಗೆಯವರು ಪ್ರೋಬ್ ಹೊರಗೆಳೆದು, ಮತ್ತೆ ಸೇರಿಸುವಾಗ ಅದನ್ನು ಬಿಗಿಹಿಡಿಯುವ ಗ್ಲ್ಯಾಂಡ್ ನಟ್ ಒಡೆದುಕೊಂಡು, ಕೇಬಲ್ ಟೈ ಬಿಗಿದು ಹೋಗಿದ್ದರು. ಬರ್ನರಿನ ಕಂಪನಕ್ಕೆ ಪ್ರೋಬ್ ದಿನದಿನಕ್ಕೆ ಜಾರಿ, ಥರ್ಮೋವೆಲ್‌ನ (ಪ್ರೋಬ್ ಕೂರುವ, ನೀರಿನೊಳಗೆ ಚಾಚಿದ ಲೋಹದ ಕೊಳವೆ) ಬಾಯಿಯ ಹತ್ತಿರದ, ಹೊರಗಿನ ಚಳಿ ತಾಗುವ ಲೋಹದ ಉಷ್ಣತೆಯನ್ನು ಅಳೆಯುತ್ತಿತ್ತು. 60ಕ್ಕೆ ಸೆಟ್ ಮಾಡಿದ್ದಾಗ ನಿಜವಾದ ನೀರು ಲಿಮಿಟ್‌ನ ಕೆಳಗೇ ಉಳಿಯುತ್ತಿದ್ದುದರಿಂದ ಹೂಟರ್ ಹೊಡೆಯದೆ ಬರೀ ಹೌಸ್‌ಕೀಪಿಂಗ್‌ನ ದೂರುಗಳು ಬರುತ್ತಿದ್ದವು. ನಾವು ಐದು ಡಿಗ್ರಿ ಏರಿಸಿದ್ದೇ ತಡ, ಲಿಮಿಟ್ ತನ್ನ ಕೆಲಸ ಮಾಡಿತು. ಇಡೀ ಪ್ಲಾಂಟ್ ರೂಮಿನಲ್ಲಿ ಸರಿಯಾಗಿದ್ದ ಏಕೈಕ ಉಪಕರಣವನ್ನೇ ನಾನು ಕೆಟ್ಟಿದೆ ಎಂದು ತೀರ್ಮಾನಿಸಿದ್ದೆ. ತಮಾಷೆಯೆಂದರೆ, ಆಮೇಲೆ ಬಂದ ವೆಂಡರ್ ಕೂಡ ಹೊಸ ಲಿಮಿಟ್ ಹಾಕಲು ಎಸ್ಟಿಮೇಟ್ ಕೊಟ್ಟುಹೋದರು.

ಈಗ ನಮ್ಮಲ್ಲಿ ಲಿಮಿಟ್ ಬಿದ್ದರೆ ಸ್ಯಾಂಪಲ್ ಕಾಕ್‌ನಿಂದ ನೀರು ಹಿಡಿದು ಅಳೆಯದೆ ರೀಸೆಟ್ ಮುಚ್ಚಳ ಬಿಚ್ಚುವಂತಿಲ್ಲ. ಪ್ರತಿ ಶಿಫ್ಟಿನಲ್ಲೂ ಪ್ಯಾನೆಲ್ ಸಂಖ್ಯೆಯ ಪಕ್ಕದಲ್ಲಿ ಕೈಯಿಂದ ಅಳೆದ ಸಂಖ್ಯೆಯನ್ನೂ ಬರೆಯುತ್ತೇವೆ. ಎರಡರ ನಡುವೆ ಅಂತರ ಬೆಳೆಯುತ್ತಿದ್ದರೆ ಏಣಿ ತರಬೇಕು. ತಿಂಗಳಿಗೊಮ್ಮೆ ಲಿಮಿಟ್‌ನ ಡಯಲನ್ನು ಆಗಿರುವ ಉಷ್ಣತೆಗಿಂತ ಕೆಳಕ್ಕೆ ತಂದು, ಬರ್ನರ್ ನಿಲ್ಲುತ್ತದೆಯೇ, ಡಯಲ್ ಮೇಲೆತ್ತಿದ ನಂತರವೂ ರೀಸೆಟ್ ಒತ್ತುವವರೆಗೆ ಹೊತ್ತದೆ ಇರುತ್ತದೆಯೇ ಎಂದು ಪರೀಕ್ಷಿಸುತ್ತೇವೆ. ಹೊಸ ಹುಡುಗರಿಗೆ ಇದು ಕೆಲಸ ಕೆಡಿಸುವ ಆಟದಂತೆ ಕಾಣುತ್ತದೆ, ಅಣ್ಣನೇ ನಿಂತು ಮಾಡಿಸುತ್ತಾರೆ.

ಮ್ಯಾನೇಜ್‌ಮೆಂಟ್‌ನ ಕೊಡುಗೆಯೆಂದರೆ ‘ಹಾಟ್ ವಾಟರ್ ಇಂಟರಪ್ಷನ್ ರಿಪೋರ್ಟ್’ ಎಂಬ ಎರಡು ಪುಟದ ಹೊಸ ಫಾರ್ಮ್. ಅದರಲ್ಲಿ ನೀರು ಎಷ್ಟು ಹೊತ್ತು ನಿಂತಿತ್ತು ಎಂಬುದಕ್ಕೆ ಕಾಲಂ ಇದೆ, ಎಷ್ಟು ಬಿಸಿಯಿತ್ತು ಎಂಬುದಕ್ಕೆ ಇಲ್ಲ. ಮಿಕ್ಸಿಂಗ್ ವಾಲ್ವಿನ ಕೊಟೇಶನ್ ಪರ್ಚೇಸ್‌ನವರ ಮೇಜಿನ ಮೇಲಿದೆ. ಅದು ಮಂಜೂರಾಗುವವರೆಗೆ ಸೆಟ್ ಪಾಯಿಂಟನ್ನು 60ಕ್ಕಿಂತ ಮೇಲೇರಿಸಬೇಕಾದರೆ ಲಿಖಿತ ಆದೇಶ ಕೊಡಿ ಎಂದು ಚೀಫ್ ಸಾರ್‌ಗೆ ಮೇಲ್ ಕಳಿಸಿದ್ದೇನೆ. ಮುಂದಿನ ಮದುವೆಯ ಬುಕಿಂಗ್ ಆಗಲೇ ಬಂದಿದೆ, ಆದೇಶ ಬಂದಿಲ್ಲ.