ಒಂದು ಒಳ್ಳೇ ಕಾದಂಬರಿ ಹೇಳಿ ಅನ್ನುವವರಿಗೆ

ಮೊದಲು ಉತ್ತರ ಕೊಟ್ಟುಬಿಡುತ್ತೇನೆ, ಜಗಳ ಆಮೇಲೆ. ಈಚಿನವುಗಳಲ್ಲಿ ಓದಿ ಅಂತ ಧೈರ್ಯವಾಗಿ ಹೇಳುವುದು ಮೂರು: ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’, 2019ರದ್ದು. ವಿವೇಕ ಶಾನಭಾಗರ ‘ಸಕೀನಾಳ ಮುತ್ತು’, 2021ರದ್ದು. ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’. ಅಮೆರಿಕದಲ್ಲೇ ವೈದ್ಯರಾಗಿರುವವರು ಅಲ್ಲಿನ ಆಸ್ಪತ್ರೆಯ ಒಳಗಿಂದ ಬರೆದದ್ದು. ಬರೆದುಕೊಂಡಿರಾ? ಸರಿ.

ಇಷ್ಟಕ್ಕೆ ಮುಗಿಯುವುದಿಲ್ಲ ಅಂತ ಗೊತ್ತು. ‘ಬೋರ್ ಹೊಡೆಯಲ್ಲ ತಾನೇ?’ ‘ದಪ್ಪ ಇದೆಯಾ?’ ‘ಕಥೆ ಏನು, ಎರಡೇ ಮಾತಲ್ಲಿ ಹೇಳಿ.’ ಎರಡೇ ಮಾತಲ್ಲಿ ಹೇಳುವಂತಿದ್ದರೆ ಬರೆದವರು ಮುನ್ನೂರು ಪುಟ ಯಾಕೆ ಬರೆಯುತ್ತಿದ್ದರು? ಸಂತೆಯಲ್ಲಿ ಬದನೆಕಾಯಿ ಕೊಳ್ಳುವವರೂ ‘ಎಣ್ಣೆಗಾಯಿಗೆ, ಎಳೆಯದು ಕೊಡಪ್ಪ’ ಅನ್ನುತ್ತಾರೆ. ಕಾದಂಬರಿಗೆ ಮಾತ್ರ ‘ಒಂದು ಒಳ್ಳೇದು’. ಯಾರಿಗೆ ಒಳ್ಳೇದು, ಯಾವುದಕ್ಕೆ ಒಳ್ಳೇದು? ಊರಿಗೆ ಹೋಗುವ ರಾತ್ರಿ ಬಸ್ಸಿಗೋ, ಒಂದು ತಿಂಗಳು ತಲೆದಿಂಬಿನ ಪಕ್ಕ ಇಟ್ಟುಕೊಳ್ಳುವುದಕ್ಕೋ?

ದಪ್ಪದ ವಿಷಯವನ್ನು ಇಲ್ಲೇ ಇತ್ಯರ್ಥ ಮಾಡೋಣ. ಪುಸ್ತಕದ ಬೆನ್ನು ನೋಡಿ ಹೆದರಬೇಡಿ. ಶೀರ್ಷಿಕೆ ಪುಟದ ಹಿಂದೆ ಸಣ್ಣಕ್ಷರದಲ್ಲಿ ಕೃತಿಯ ಜಾತಕ ಇರುತ್ತದೆ: ಮುದ್ರಣ ಎಷ್ಟನೆಯದು, ಪ್ರತಿಗಳೆಷ್ಟು, ಆಕಾರ ಡೆಮಿ 1/8, ಕಾಗದ 70 ಜಿಎಸ್‌ಎಂ ಮ್ಯಾಪ್ಲಿಥೋ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಅದೇ ಮುನ್ನೂರು ಪುಟವನ್ನು 80 ಜಿಎಸ್‌ಎಂ ಕಾಗದದಲ್ಲಿ ಅಚ್ಚು ಹಾಕಿದರೆ ಇನ್ನಷ್ಟು ದಪ್ಪ ಕಾಣುತ್ತದೆ. ನಿಜವಾಗಿ ನೋಡಬೇಕಾದದ್ದು ಸಾಲುಗಳ ನಡುವಿನ ಜಾಗ. ಕನ್ನಡಕ್ಕೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು. ಪುಟ ಉಳಿಸಲು ಸಾಲುಗಳನ್ನು ಒತ್ತೊತ್ತಾಗಿ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಇಪ್ಪತ್ತು ಪುಟಕ್ಕೆ ಕಣ್ಣು ಸೋಲುತ್ತದೆ. ‘ಬೋರ್ ಹೊಡೀತು’ ಅಂತ ಪಕ್ಕಕ್ಕಿಟ್ಟ ಎಷ್ಟೋ ಕಾದಂಬರಿಗಳಲ್ಲಿ ತಪ್ಪು ಡಿಟಿಪಿಯದ್ದು.

ಇನ್ನೊಂದು ಬಗೆಯವರು ‘ಬೂಕರ್ ಬಂತಲ್ಲ, ಆ ಕನ್ನಡ ಕಾದಂಬರಿ ಓದಿದ್ರಾ?’ ಅನ್ನುತ್ತಾರೆ. ಅದು ಕಾದಂಬರಿಯಲ್ಲ, ಮಾರಾಯ್ರೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ‘ಹಾರ್ಟ್ ಲ್ಯಾಂಪ್’ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಸಂಕಲನ, ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಆ ಪ್ರಶಸ್ತಿ ಕಥಾಸಂಕಲನಕ್ಕೆ ಸಿಕ್ಕಿದ್ದು ಅದೇ ಮೊದಲು. ಹೆಗ್ಗಳಿಕೆ ಇರುವುದೇ ಅಲ್ಲಿ, ಅದನ್ನೂ ಕಾದಂಬರಿ ಅಂದು ಕಸಿದುಕೊಳ್ಳಬೇಡಿ. ಮೂರನೆಯವರು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿ ಮುಗಿಸಿ ‘ಕೊನೆಗೆ ಏನಾಯ್ತು?’ ಅಂತ ಕೇಳುವವರು. ಏನಾಯಿತೋ ಅದು ಪುಸ್ತಕದಲ್ಲೇ ಇದೆ. ಹೇಳುವವನು ಏನನ್ನು ನುಂಗಿಕೊಂಡ ಅಂತ ಹಿಂದಕ್ಕೆ ಹೋಗಿ ನೋಡಬೇಕು. ನನ್ನನ್ನು ಕೇಳಿದರೆ ಮತ್ತೊಮ್ಮೆ ಓದಿ ಅಂತಲೇ ಹೇಳುವುದು, ಮತ್ತೊಮ್ಮೆ ಓದಲು ಒಂದು ಸಂಜೆ ಸಾಕು.

‘ಮುಂದೆ ಯಾವುದಕ್ಕೆ ಕಾಯ್ತಾ ಇದ್ದೀರಿ?’ ಇದು ಸ್ವಲ್ಪ ಮರ್ಯಾದಸ್ಥ ಪ್ರಶ್ನೆ, ಆದರೆ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ಆರು ತಿಂಗಳ ಮುಂಚೆ ಯಾರೂ ಹೇಳುವುದಿಲ್ಲ. ಎಂಟು ದಿನ ಇರುವಾಗ ವಾಟ್ಸಾಪಿನಲ್ಲಿ ಆಹ್ವಾನ ಪತ್ರಿಕೆ ಬರುತ್ತದೆ, ಭಾನುವಾರ ಬೆಳಿಗ್ಗೆ 10.30ಕ್ಕೆ ಬಿಡುಗಡೆ, ಅದಕ್ಕೆ ಮೊದಲು ಉಪಾಹಾರ. ಕಾಯುವುದಕ್ಕೆ ಸಮಯವಾದರೂ ಎಲ್ಲಿ?

ಕಾದದ್ದು ಹಿಂದಿನವರು. ಕುವೆಂಪು ‘ಕಾನೂರು ಹೆಗ್ಗಡಿತಿ’ ಕೊಟ್ಟದ್ದು 1936ರಲ್ಲಿ, ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ. ನಡುವೆ ಮೂವತ್ತೊಂದು ವರ್ಷ. ‘ಸುಧಾ’, ‘ತರಂಗ’ಗಳಲ್ಲಿ ಧಾರಾವಾಹಿ ಓದುತ್ತಿದ್ದವರು ವಾರಕ್ಕೆ ನಾಲ್ಕೈದು ಪುಟದಂತೆ ಕಾಯುತ್ತಿದ್ದರು, ಪುಟಗಳನ್ನು ಹರಿದು ಜೋಡಿಸಿ, ದಬ್ಬಳದಿಂದ ತೂತು ಹೊಡೆದು, ಗೋಣಿದಾರದಲ್ಲಿ ಹೊಲಿದು ಇಡುತ್ತಿದ್ದರು. ಒಂದು ವಾರದ ಸಂಚಿಕೆ ಪಕ್ಕದ ಮನೆಯವರು ಒಯ್ದು ತರದಿದ್ದರೆ ಆ ಕಾದಂಬರಿಯ ಹದಿನೇಳನೇ ಕಂತು ಇಂದಿಗೂ ಇಲ್ಲ. ಭೈರಪ್ಪನವರಿಗೆ ಜನ ಕಾಯುತ್ತಿದ್ದುದು ನಿಜ. 2007ರಲ್ಲಿ ‘ಆವರಣ’ದ ಮೊದಲ ಮುದ್ರಣ ಬಿಡುಗಡೆಗೆ ಮುಂಚೆಯೇ ಖಾಲಿಯಾಗಿತ್ತು. 2017ರ ‘ಉತ್ತರಕಾಂಡ’ವೇ ಅವರ ಕೊನೆಯ ಕಾದಂಬರಿ, 2025ರ ಸೆಪ್ಟೆಂಬರಿನಲ್ಲಿ ಅವರೂ ಹೋದರು. ನನಗೆ ಕಾಯುವ ಆಸೆ ಇರುವುದು ವಸ್ತುವಿಗೆ, ಲೇಖಕರಿಗಲ್ಲ. ಶರಾವತಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರಿಗೆ ನಾ. ಡಿಸೋಜರ ‘ಮುಳುಗಡೆ’ ಇದೆ. ವಿಮಾನ ನಿಲ್ದಾಣದ ಸುತ್ತ ಎಕರೆಗಟ್ಟಲೆ ಜಮೀನು ಮಾರಿ, ಅದೇ ಜಮೀನಿನ ಲೇಔಟಿಗೆ ಸೆಕ್ಯುರಿಟಿ ಕೆಲಸಕ್ಕೆ ಸೇರಿದವನಿಗೆ ಅಷ್ಟೇ ತೂಕದ ಒಂದು ಬೇಕು. ಯಾರಾದರೂ ಬರೆಯುತ್ತಿದ್ದರೆ ಉಪಾಹಾರ ಇಲ್ಲದಿದ್ದರೂ ಬರುತ್ತೇನೆ.

ಯಾರೂ ಕೇಳದ ಪ್ರಶ್ನೆಯೊಂದಿದೆ: ‘ಇಂಥ ಪುಟದಲ್ಲಿ ನಿಂತುಬಿಟ್ಟೆ, ಯಾಕೆ?’ ಇದನ್ನು ಕೇಳಿದರೆ ಕಾಫಿ ಕೊಟ್ಟು ಕೂರಿಸಿ ಹೇಳಬಹುದು. ಏಕೆಂದರೆ ಒಳ್ಳೆಯ ಕಾದಂಬರಿಗಳಲ್ಲಿ ಜನ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಒಂದೊಂದಕ್ಕೂ ಒಂದೊಂದು ಏರು ಇದೆ, ಮುಕ್ಕಾಲು ಪಾಲು ಜನ ಅಲ್ಲೇ ಏದುಸಿರು ಬಿಡುತ್ತಾರೆ.

‘ಮಲೆಗಳಲ್ಲಿ ಮದುಮಗಳು’ ತೆಗೆದುಕೊಳ್ಳಿ. ರಂಗಾಯಣದವರ ಒಂಬತ್ತು ಗಂಟೆಯ ನಾಟಕವನ್ನು ರಾತ್ರಿಯಿಡೀ ಚಳಿಯಲ್ಲಿ ಕೂತು ನೋಡಿದವರೂ ‘ಪುಸ್ತಕ ಮಾತ್ರ ಮುಂದೆ ಹೋಗಲಿಲ್ಲ’ ಅನ್ನುತ್ತಾರೆ. ಕಾರಣ ಭಾಷೆಯಲ್ಲ, ಉದ್ದವೂ ಅಲ್ಲ. ಮೊದಲಲ್ಲೇ ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಸಿಗುತ್ತಾನೆ, ಇವನೇ ನಾಯಕ ಅಂದುಕೊಂಡು ಓದುಗ ಅವನ ಬಾಲ ಹಿಡಿಯುತ್ತಾನೆ. ಆಮೇಲೆ ಗುತ್ತಿ ಎಷ್ಟೋ ಪುಟ ಕಾಣುವುದೇ ಇಲ್ಲ. ಬೇರೆ ಮನೆ, ಬೇರೆ ಜಗಲಿ, ಬೇರೆ ಹೆಗ್ಗಡೆ. ದಾರಿ ತಪ್ಪಿತು ಅನ್ನಿಸಿ ಪುಸ್ತಕ ಮಡಚುತ್ತಾನೆ.

ಇದಕ್ಕೆ ಮದ್ದು ಒಂದು ಖಾಲಿ ಹಾಳೆ, ಒಂದು ಪೆನ್ಸಿಲ್. ಹಾಳೆಯಲ್ಲಿ ಐದು ಚೌಕ ಹಾಕಿ: ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ. ಸಿಂಬಾವಿಯ ಕೆಳಗೆ ಭರಮೈ ಹೆಗ್ಗಡೆ, ಅವರ ಆಳು ಗುತ್ತಿ. ಹಳೆಮನೆಯ ಕೆಳಗೆ ಸುಬ್ಬಣ್ಣ ಹೆಗ್ಗಡೆ. ಬೆಟ್ಟಳ್ಳಿಗೆ ಕಲ್ಲಯ್ಯಗೌಡರು, ಮಗ ದೇವಯ್ಯ, ಮತ್ತು ಅಲ್ಲಿನ ಕೇರಿಯ ತಿಮ್ಮಿ. ಕೋಣೂರಿಗೆ ಮುಕುಂದಯ್ಯ, ಆಳುಗಳಾದ ಐತ ಮತ್ತು ಪೀಂಚಲು. ಹೂವಳ್ಳಿಗೆ ವೆಂಕಪ್ಪನಾಯಕ, ಮಗಳು ಚಿನ್ನಮ್ಮ. ಈಗ ಗುತ್ತಿಯಿಂದ ತಿಮ್ಮಿಗೆ ಒಂದು ಗೆರೆ, ಮುಕುಂದಯ್ಯನಿಂದ ಚಿನ್ನಮ್ಮನಿಗೆ ಒಂದು. ಹೊಸ ಹೆಸರು ಬಂದಾಗ ಆಯಾ ಮನೆಯ ಕೆಳಗೆ ಸೇರಿಸುತ್ತ ಹೋಗಿ. ನೂರು ಪುಟ ದಾಟುವ ಹೊತ್ತಿಗೆ ಹಾಳೆ ನೋಡುವ ಅಗತ್ಯವೇ ಬೀಳುವುದಿಲ್ಲ. ಯಾರು ಮುಖ್ಯ ಅಂತ ಹುಡುಕುವ ಚಟವೂ ಅಷ್ಟರಲ್ಲಿ ಬಿಟ್ಟಿರುತ್ತದೆ. ಹುಲಿಯನ ಹೆಸರನ್ನೂ ಬರೆಯಿರಿ. ಯಾಕೆ ಅಂತ ಈಗ ಹೇಳುವುದಿಲ್ಲ.

ಮಹಾಭಾರತವನ್ನೇ ಮತ್ತೆ ಹೇಳುವ ಭೈರಪ್ಪನವರ ‘ಪರ್ವ’ದ ಏರು ಮೊದಲ ಅಧ್ಯಾಯವೇ. ಹಸ್ತಿನಾವತಿಯ ರಾಜಸಭೆ ನಿರೀಕ್ಷಿಸಿ ಬಂದವರಿಗೆ ಮದ್ರದೇಶದಲ್ಲಿ ಮುದುಕ ಶಲ್ಯ, ಮೊಮ್ಮಗಳ ಮದುವೆಯ ಚಿಂತೆ. ‘ಇದು ಯಾವ ಭಾರತ?’ ಅಂತ ಮುಚ್ಚಿಡುತ್ತಾರೆ. ಇನ್ನೊಂದು ತೊಡಕು, ನೆನಪು ಮತ್ತು ಈಗಿನದು ಒಂದೇ ಪ್ಯಾರಾದಲ್ಲಿ ಹೇಳದೆ ಕೇಳದೆ ಬದಲಾಗುತ್ತವೆ. ದಿನಕ್ಕೆ ಐದು ಪುಟ ಓದುವವರಿಗೆ ಇದು ಒಗ್ಗುವುದಿಲ್ಲ. ಒಬ್ಬ ಪಾತ್ರದ ಸರದಿ ಶುರುವಾದರೆ ಅದು ಮುಗಿಯುವವರೆಗೆ ಏಳಬಾರದು. ರಜೆಯ ದಿನ ಹಿಡಿಯಿರಿ, ಬಸ್ಸಿಗೆ ಒಯ್ಯಬೇಡಿ.

‘ಕುಸುಮಬಾಲೆ’ ತದ್ವಿರುದ್ಧ. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ, ಆದರೆ ಧಾರವಾಡದವರು, ಮಂಗಳೂರಿನವರು ಮೂರನೇ ಪುಟಕ್ಕೇ ಕೈಚೆಲ್ಲುತ್ತಾರೆ. ಬೆಂಗಳೂರಿನವರೂ ಅಷ್ಟೇ, ಒಪ್ಪಿಕೊಳ್ಳುವುದಿಲ್ಲ. ದೇವನೂರ ಮಹಾದೇವ ಬರೆದದ್ದು ನಂಜನಗೂಡು ಸೀಮೆಯ ಆಡುಮಾತಿನಲ್ಲಿ. ಕಣ್ಣಿನಲ್ಲಿ ಓದಿದರೆ ‘ಸಂಬಂಜ’ ಅಚ್ಚಿನ ತಪ್ಪಿನಂತೆ ಕಾಣುತ್ತದೆ, ಬಾಯಿಬಿಟ್ಟು ಹೇಳಿದರೆ ಸಂಬಂಧ ಅಂತ ಕಿವಿಗೆ ತಾನಾಗಿ ತಿಳಿಯುತ್ತದೆ. ಆದ್ದರಿಂದ ಬಾಯಿಬಿಟ್ಟೇ ಓದಬೇಕು. ಗಂಟೆಗೆ ಹತ್ತು ಪುಟ ಆದರೆ ಸಾಕು, ಅರ್ಥಕೋಶ ಬೇಡ. ರಾತ್ರಿ ಜೋತಮ್ಮಗಳು, ಅಂದರೆ ದೀಪದ ಕುಡಿಗಳು, ಒಂದೆಡೆ ಸೇರಿ ಮಾತಾಡುವ ಭಾಗದ ಹೊತ್ತಿಗೆ ನಾಲಗೆ ತಿರುಗಿದ್ದರೆ ಮುಂದೆ ಯಾರೂ ಹಿಡಿದು ನಿಲ್ಲಿಸಲಾರರು. ತಿರುಗಿಲ್ಲವಾದರೆ ಮೊದಲಿನಿಂದ.

‘ತೇಜೋ ತುಂಗಭದ್ರಾ’ದಲ್ಲಿ ನಿಲ್ಲುವವರು ಲಿಸ್ಬನ್ನಿನಲ್ಲೇ ನಿಲ್ಲುತ್ತಾರೆ. ಹಂಪಿ ಯಾವಾಗ ಬರುತ್ತೆ ಅಂತ ಪುಟ ಹಾರಿಸುತ್ತಾರೆ. ಹಾರಿಸಿದರೆ ಗೇಬ್ರಿಯಲ್ ಯಾಕೆ ಹಡಗು ಹತ್ತಿದ, ಪ್ರೀತಿಸಿದ ಬೆಲ್ಲಾಳನ್ನು ಬಿಟ್ಟು ಬರುವುದೆಂದರೆ ಏನು ಅನ್ನುವುದು ತಪ್ಪಿಹೋಗುತ್ತದೆ. ತುಂಗಭದ್ರೆಯ ದಡಕ್ಕೆ ಬಂದಾಗ ಅವನು ಬರಿಯ ಒಬ್ಬ ಫರಂಗಿ. ಕೆ.ಎನ್. ಗಣೇಶಯ್ಯನವರ ಕಾದಂಬರಿಗಳಲ್ಲಿ ಇನ್ನೊಂದು ಎಡವಟ್ಟು, ಆಧಾರ ಗ್ರಂಥಗಳ ಟಿಪ್ಪಣಿ ಬಂದಲ್ಲೆಲ್ಲ ಕಥೆ ಬಿಟ್ಟು ಗೂಗಲ್ಲಿಗೆ ಓಡುವುದು. ಕಥೆ ಮೊದಲು, ತನಿಖೆ ಆಮೇಲೆ.

ಕೊನೆಯದಾಗಿ, ಓದು ನಿಂತದ್ದಕ್ಕೆ ಓದುಗರೂ ಲೇಖಕರೂ ಕಾರಣರಲ್ಲದ ಸಂದರ್ಭ. ಪುಸ್ತಕ ಅಚ್ಚಾಗುವುದು ಹೆಚ್ಚಾಗಿ ಹದಿನಾರು ಪುಟದ ಫಾರಂಗಳಲ್ಲಿ. ಬೈಂಡಿಂಗಿನಲ್ಲಿ ಜೋಡಿಸುವಾಗ ಒಂದು ಫಾರಂ ಎರಡು ಸಲ ಬಿದ್ದು ಇನ್ನೊಂದು ಬಿಟ್ಟುಹೋಗುತ್ತದೆ: 113ರಿಂದ 128 ಎರಡು ಬಾರಿ, ಅಲ್ಲಿಂದ ನೇರ 145. ನವ್ಯ ಕಾದಂಬರಿಯಾದರೆ ಇದನ್ನೂ ತಂತ್ರ ಅಂದುಕೊಂಡು ಮೆಚ್ಚಿ ಮುಗಿಸುವ ಅಪಾಯವಿದೆ. ಕೊಳ್ಳುವಾಗಲೇ 17, 33, 49, 65 ಹೀಗೆ ಹದಿನಾರರ ಲೆಕ್ಕದಲ್ಲಿ ಮೂಲೆ ಹಾರಿಸಿ ನೋಡಿ, ಎರಡು ನಿಮಿಷದ ಕೆಲಸ. ಮುನ್ನುಡಿಗೆ ಬೇರೆ ಪುಟಸಂಖ್ಯೆ ಇದ್ದರೆ ಲೆಕ್ಕ ಒಂದಿಷ್ಟು ಆಚೀಚೆ ಆಗುತ್ತದೆ. ತಪ್ಪಿದ್ದರೆ ಅಲ್ಲೇ ಬದಲಿಸಿಕೊಳ್ಳಿ, ಮತ್ತು ಬದಲಿಗೆ ಕೊಟ್ಟ ಪ್ರತಿಯನ್ನೂ ನೋಡಿ. ಒಂದೇ ಕಟ್ಟಿನಿಂದ ತೆಗೆದಿದ್ದರೆ ಅದರಲ್ಲೂ ಅದೇ ಇರುತ್ತದೆ.