ರಿಚ್ಮಂಡಿನ ಶಾನುಭೋಗ

"ಎಲ್ಲಿಗೆ ಹೋಗೋಣ ಮಾಮ?" ಅಂತ ಅಕ್ಕನ ಮಗ ಕೇಳಿದಾಗ "ಏಳನೇ ಹೆನ್ರಿ ಸತ್ತ ಜಾಗಕ್ಕೆ" ಅಂದೆ. ಮೂವತ್ತೊಂದು ವರ್ಷ ತಾಲ್ಲೂಕು ಖಜಾನೆಯಲ್ಲಿ ಬಿಲ್ಲು, ವೋಚರು ನೋಡಿ ಕಣ್ಣು ಸವೆಸಿದವನು ನಾನು. ಲಂಡನ್ನಿನಲ್ಲಿ ನನ್ನ ಜಾತಿಯವನೊಬ್ಬನಿದ್ದರೆ ಇಂಗ್ಲೆಂಡಿನ ಆ ಹಳೇ ರಾಜನೇ.

"ಆರು ಮದುವೆ ಆದವನಾ?"

"ಅಲ್ಲ ಕಣೋ, ಅವನಪ್ಪ. ಮಗ ಉಡಾಯಿಸಿದ್ದನ್ನು ಕೂಡಿಟ್ಟವನು."

ಲಂಡನ್ನಿನ ಮೆಟ್ರೋದ ಡಿಸ್ಟ್ರಿಕ್ಟ್ ಲೈನಿನ ಕೊನೇ ಸ್ಟೇಷನ್ ರಿಚ್ಮಂಡ್. ಅಲ್ಲಿಂದ ಸ್ವಲ್ಪ ನಡೆದರೆ ಹಸಿರು ಮೈದಾನ, ಅದರ ಅಂಚಿಗೆ ಇಟ್ಟಿಗೆಯ ಹೆಬ್ಬಾಗಿಲು. ಹೆನ್ರಿ ಸತ್ತ ಅರಮನೆಯಲ್ಲಿ ಹೆಚ್ಚೇನೂ ಉಳಿದಿಲ್ಲ. ಕಮಾನಿನ ಮೇಲೆ ಹೆನ್ರಿಯ ಲಾಂಛನ ಮಳೆಗೆ ಸವೆದು ನಿಂತಿದೆ. 1497ರ ಡಿಸೆಂಬರಿನಲ್ಲಿ ಹಳೇ ಅರಮನೆ ಸುಟ್ಟುಹೋದ ಮೇಲೆ ಇದನ್ನು ಕಟ್ಟಿಸಿದ. ಜಿಪುಣ ಅನ್ನುತ್ತಾರೆ, ಆದರೆ ತೋರಿಸಿಕೊಳ್ಳಬೇಕಾದ ಕಡೆ ಕೈ ಬಿಚ್ಚುತ್ತಿದ್ದ.

1485ರಲ್ಲಿ ಬಾಸ್ವರ್ತ್ ಕಾಳಗ ಗೆದ್ದು ಪಟ್ಟಕ್ಕೆ ಬಂದಾಗ ಖಜಾನೆಯ ಪದ್ಧತಿ ನಿಧಾನ, ಹಣ ಕೈಗೆ ಬರುವಷ್ಟರಲ್ಲಿ ತಿಂಗಳುಗಳೇ ಬೇಕು. ಹೆನ್ರಿ ಅದನ್ನು ಬದಿಗೆ ಸರಿಸಿ, ಹಣವೆಲ್ಲ ತನ್ನ ಖಾಸಾ ಕೊಠಡಿಗೇ ಬರುವಂತೆ ಮಾಡಿದ. ಲೆಕ್ಕದ ಪುಸ್ತಕ ತಾನೇ ತಿರುವಿ ಸಹಿ ಹಾಕುತ್ತಿದ್ದ. ರಾಜ ಸ್ವತಃ ಲೆಕ್ಕ ನೋಡುತ್ತಾನೆಂದರೆ ಕೆಳಗಿನವರ ಎದೆ ಹೇಗೆ ಹೊಡೆದುಕೊಂಡಿರಬೇಕು! ಕೈತಪ್ಪಿದ್ದ ರಾಜಭೂಮಿಗಳನ್ನು 1486ರ ಕಾಯಿದೆಯಿಂದ ಮರಳಿ ಪಡೆಯಲು ಹೊರಟ. ಸುಂಕ ಜೀವಮಾನಕ್ಕೆ ಅವನಿಗೇ ಸಿಕ್ಕಿತ್ತು. 1492ರಲ್ಲಿ ಫ್ರಾನ್ಸಿನ ಮೇಲೆ ಯುದ್ಧಕ್ಕೆಂದು ಪ್ರಜೆಗಳಿಂದ ಹಣ ಎತ್ತಿದ. ಅಲ್ಲಿಗೆ ಹೋಗಿ, ಹೆಚ್ಚು ಕಾದಾಡದೆ, ಫ್ರಾನ್ಸಿನಿಂದಲೂ ಎತ್ತಿದ: 7,45,000 ಚಿನ್ನದ ಕ್ರೌನು, ವರ್ಷಕ್ಕೆ 50,000ದ ಕಂತಿನಲ್ಲಿ.

ನನಗೆ ಹಿಡಿಸದ್ದು ಅವನ ಮುಚ್ಚಳಿಕೆ. ಬಾಲ ಬಿಚ್ಚಿದರೆ ಇಷ್ಟು ಕಟ್ಟುತ್ತೇನೆ ಎಂದು ದೊಡ್ಡದೊಡ್ಡ ಜಮೀನ್ದಾರರಿಂದ ಬರೆಸಿಕೊಳ್ಳುತ್ತಿದ್ದ. ಕಾನೂನು ಮೀರಿ ಆಳುಗಳನ್ನು ಕಟ್ಟಿಕೊಂಡಿದ್ದಕ್ಕೆ 1507ರಲ್ಲಿ ಲಾರ್ಡ್ ಬರ್ಗವೆನ್ನಿಗೆ ಬಿದ್ದ ದಂಡ 70,650 ಪೌಂಡು. ರಾಜನ ಇಡೀ ವರ್ಷದ ವರಮಾನವೇ ಕೊನೆಕೊನೆಗೆ ಸುಮಾರು 1,13,000 ಪೌಂಡು! ಅಷ್ಟನ್ನೂ ವಸೂಲು ಮಾಡುವುದು ಉದ್ದೇಶವಲ್ಲ, ಕತ್ತಿನ ಹಗ್ಗ ಕೈಯಲ್ಲಿರಬೇಕು, ಅಷ್ಟೆ.

ಅವನ ಟಿಪ್ಪಣಿ ಪುಸ್ತಕವನ್ನು ಸಾಕಿದ ಕೋತಿಯೊಂದು ಹರಿದು ಚಿಂದಿ ಮಾಡಿದ ಕಥೆಯನ್ನು ಮುಂದೆ ಅವನ ಚರಿತ್ರೆ ಬರೆದ ಫ್ರಾನ್ಸಿಸ್ ಬೇಕನ್ ಬರೆದಿಟ್ಟಿದ್ದಾನೆ. ಯಾರೋ ಆಸ್ಥಾನದವನೇ ಕೋತಿಯನ್ನು ಛೂ ಬಿಟ್ಟನಂತೆ. ಹೆಬ್ಬಾಗಿಲಲ್ಲಿ ನಿಂತು ಇದನ್ನು ಹೇಳಿದಾಗ ಹುಡುಗ ಮೊದಲ ಬಾರಿಗೆ ಮೊಬೈಲು ಜೇಬಿಗಿಟ್ಟ.

1509ರ ಏಪ್ರಿಲ್ 21ರಂದು ಇಲ್ಲೇ ಹೆನ್ರಿ ತೀರಿಕೊಂಡ. ಎರಡು ದಿನ ಸುದ್ದಿ ಮುಚ್ಚಿಟ್ಟರು. ಹೊರಬಿದ್ದೊಡನೆ ಅವನ ವಸೂಲಿಗಾರರಾದ ಎಂಪ್ಸನ್, ಡಡ್ಲಿ ಇಬ್ಬರನ್ನೂ ಹಿಡಿದರು. ಮರುವರ್ಷ ಟವರ್ ಹಿಲ್ಲಿನಲ್ಲಿ ಇಬ್ಬರ ತಲೆಯೂ ಹೋಯಿತು. ಸಹಿ ಹಾಕಿದವನು ನೆಮ್ಮದಿಯಾಗಿ ಮಲಗಿದ, ಕಡತ ಹೊತ್ತವರು ಸಿಕ್ಕಿಬಿದ್ದರು. ಇದು ನಮ್ಮ ಇಲಾಖೆಯವರಿಗೆ ಹೊಸದಲ್ಲ.

ಮಧ್ಯಾಹ್ನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ. ಟಿಕೆಟ್ಟಿಗೆ ತಲೆಗೆ ಮೂವತ್ತು ಪೌಂಡಿನ ಆಸುಪಾಸು; ಹೆನ್ರಿ ಇದ್ದಿದ್ದರೆ ಮೆಚ್ಚುತ್ತಿದ್ದ. ಅವನೇ ಕಟ್ಟಿಸತೊಡಗಿದ ಪ್ರಾರ್ಥನಾ ಮಂದಿರದ ಚಾವಣಿ, ಕಲ್ಲನ್ನು ಕಸೂತಿ ಹಾಕಿದಂತಿದೆ. ಎತ್ತರದ ಕಂಚಿನ ಜಾಲರಿಯ ಸಂದಿಯಲ್ಲಿ ಇಣುಕಿದರೆ, ಗೋರಿಯ ಮೇಲೆ ಚಿನ್ನದ ಲೇಪದ ಪ್ರತಿಮೆಯಾಗಿ ರಾಜ, ತನ್ನ ರಾಣಿಯ ಪಕ್ಕ ಕೈಮುಗಿದು ಮಲಗಿದ್ದಾನೆ. ಆ ಕೈಯನ್ನೇ ತುಂಬ ಹೊತ್ತು ನೋಡಿದೆ.

ತನ್ನ ಆತ್ಮಕ್ಕಾಗಿ ಹತ್ತು ಸಾವಿರ ಪ್ರಾರ್ಥನೆ ಆಗಬೇಕು, ಒಂದಕ್ಕೆ ಆರು ಪೆನ್ಸ್ ಎಂದು ಉಯಿಲಿನಲ್ಲಿ ದರ ನಿಗದಿ ಮಾಡಿದ್ದ. ಆಗ ಪೌಂಡಿಗೆ 240 ಪೆನ್ಸ್.

"ಇನ್ನೂರೈವತ್ತು ಪೌಂಡ್ ಮಾಮ," ಹುಡುಗ ಬಾಯಲ್ಲೇ ಲೆಕ್ಕ ಹಾಕಿದ.

1497ರಲ್ಲಿ ಅಟ್ಲಾಂಟಿಕ್ ದಾಟಿ ನೆಲ ಕಂಡು ಬಂದ ಜಾನ್ ಕ್ಯಾಬಟ್‌ಗೆ, 'ಹೊಸ ದ್ವೀಪ ಕಂಡುಹಿಡಿದವನಿಗೆ' ಎಂದು ಇದೇ ರಾಜನ ಲೆಕ್ಕದಲ್ಲಿ ಬರೆದಿರುವುದು ಹತ್ತು ಪೌಂಡು. "ಅದು ನಾನೂರು ಪ್ರಾರ್ಥನೆ," ಅಂದೆ.