ಬೆಂಚು ಎಲ್ಲಿ ಬೇಕು ಅಂತ ಅಮ್ಮನನ್ನು ಕೇಳಿ

ಅಮ್ಮನಿಗೆ ಮಂಡಿ ನೋವು. ಬಸ್ ಸ್ಟಾಪಿಗೆ ನಾನು ಹತ್ತು ನಿಮಿಷದಲ್ಲಿ ಹೋಗುತ್ತೇನೆ, ಅವರಿಗೆ ಇಪ್ಪತ್ತೈದು ನಿಮಿಷ ಬೇಕು. ದಾರಿಯಲ್ಲಿ ಎರಡು ಕಡೆ ನಿಲ್ಲುತ್ತಾರೆ. ಒಂದು ಕಡೆ ಗೋಡೆಗೆ ಕೈ ಊರಿಕೊಂಡು, ಇನ್ನೊಂದು ಕಡೆ ಲೈಟ್ ಕಂಬ ಹಿಡಿದುಕೊಂಡು. ಅಲ್ಲಿ ಒಂದೊಂದು ಬೆಂಚು ಬೇಕು ಅನ್ನೋದು ಯಾವ ನಕ್ಷೆ ನೋಡಿದರೂ ಗೊತ್ತಾಗುವುದಿಲ್ಲ. ಅವರ ಜೊತೆ ನಡೆದವರಿಗೆ ಗೊತ್ತಾಗುತ್ತದೆ, ಅಷ್ಟೇ.

ಅದಕ್ಕೇ ನಗರಕ್ಕೆ ಏನು ಬೇಕು ಅಂತ ಮೊದಲು ಅಲ್ಲಿ ಓಡಾಡುವವರನ್ನೇ ಕೇಳಬೇಕು ಅನ್ನುತ್ತೇನೆ. ಜನ ಕೇಳುವುದು ದೊಡ್ಡದೇನಲ್ಲ. ನೆರಳು, ಕೂರಲು ಜಾಗ, ಕ್ಲೀನಾದ ಶೌಚಾಲಯ, ಶಾಲೆ ಮುಂದೆ ರಸ್ತೆ ದಾಟಲು ಒಂದು ಪಟ್ಟಿ.

ಕೂರುವ ಜಾಗ ಅಂದಾಗ, ನಗರದಲ್ಲಿ ಜನ ಹೇಗೆ ಓಡಾಡುತ್ತಾರೆ ಅಂತ ಅಧ್ಯಯನ ಮಾಡಿದ ಅಮೆರಿಕದ ವಿಲಿಯಂ ವೈಟ್ ನೆನಪಾಗುತ್ತಾರೆ. 1970ರ ದಶಕದಲ್ಲಿ ಅವರು ನ್ಯೂಯಾರ್ಕಿನ ದೊಡ್ಡ ಕಟ್ಟಡಗಳ ಮುಂದಿನ ಬಯಲುಗಳಲ್ಲಿ ಕ್ಯಾಮೆರಾ ಇಟ್ಟು ಜನ ಏನು ಮಾಡುತ್ತಾರೆ ಅಂತ ನೋಡಿದರು. ಕೂರಲು ಜಾಗ ಇರುವ ಕಡೆ ಜನ ಕೂರುತ್ತಾರೆ! ಕೇಳಿದರೆ ಇಷ್ಟೇನಾ ಅನಿಸುತ್ತದೆ, ಆದರೆ ಎಷ್ಟೋ ಬಯಲುಗಳಲ್ಲಿ ಕೂರಲು ಜಾಗವೇ ಇರಲಿಲ್ಲ. ನನಗೆ ತುಂಬಾ ಇಷ್ಟವಾದದ್ದು ಅವರು ಕಂಡ ಇನ್ನೊಂದು ಸಂಗತಿ. ಎತ್ತಿಡಬಹುದಾದ ಕುರ್ಚಿ ಇದ್ದರೆ, ಕೂರುವ ಮೊದಲು ಜನ ಅದನ್ನು ಒಂದಿಷ್ಟು ಸರಿಸುತ್ತಾರೆ, ಸರಿಸಿ ಏನೂ ಪ್ರಯೋಜನ ಇಲ್ಲದಿದ್ದರೂ. ಆ ಒಂದು ಗೇಣು ಸರಿಸಿದ ಮೇಲೆ ಜಾಗ ನಮ್ಮದು ಅನಿಸುತ್ತದೆ, ಅಲ್ವಾ? ಅಲ್ಲಿನ ಬ್ರಯಂಟ್ ಪಾರ್ಕಿನಲ್ಲಿ ಈಗಲೂ ಇಂಥ ಕುರ್ಚಿಗಳೇ ಇವೆ.

ಆದರೆ ಸಲಹೆ ಕೇಳಿ ಸುಮ್ನೆ ಇಟ್ಟುಕೊಂಡರೆ ಏನು ಬಂತು? ಒಂದು ಸಲ ಕತ್ತಲೆಯ ಕೆಳಸೇತುವೆಗೆ ದೀಪ ಹಾಕಿಸಿ ಅಂತ ಅರ್ಜಿ ಕೊಟ್ಟಿದ್ದೆ. ಅರ್ಜಿ ನಂಬರ್ ಬಂತು, ಆಮೇಲೆ ಏನೂ ಬರಲಿಲ್ಲ. ಆಗುವುದಿಲ್ಲ, ಯಾಕೆಂದರೆ ಹೀಗೆ ಅಂತ ಒಂದು ಸಾಲು ಬರೆದಿದ್ದರೆ ಬೇಜಾರಾಗುತ್ತಿರಲಿಲ್ಲ. ಉತ್ತರವೇ ಬರದಿದ್ದರೆ ಜನ ಎರಡನೇ ಸಲ ಕೇಳುವುದಿಲ್ಲ.

ದುಡ್ಡು ಮೊದಲೇ ತೆಗೆದಿಟ್ಟರೆ ಮಾತೇ ಬೇರೆ. ಬ್ರೆಜಿಲಿನ ಪೋರ್ಟೊ ಅಲೆಗ್ರೆ 1989ರಲ್ಲಿ ಇದನ್ನು ಶುರು ಮಾಡಿತು. ಜನ ತಮ್ಮ ಭಾಗದ ಸಭೆಗೆ ಬಂದು ಯಾವ ಕೆಲಸ ಮೊದಲು ಆಗಬೇಕು ಅಂತ ಹೇಳುತ್ತಿದ್ದರು, ನಗರದ ಬಜೆಟ್ಟಿನ ಒಂದು ಪಾಲು ಅದರಂತೆ ಹಂಚಿಕೆಯಾಗುತ್ತಿತ್ತು. ಸೌಲಭ್ಯ ಕಡಿಮೆ ಇದ್ದ, ಬಡವರು ಜಾಸ್ತಿ ಇದ್ದ ಭಾಗಗಳಿಗೆ ಹೆಚ್ಚು ತೂಕ. ಇದು ಬಹಳ ಮುಖ್ಯ, ಇಲ್ಲದಿದ್ದರೆ ಬಿಡುವು ಇದ್ದವರ, ಗಟ್ಟಿ ದನಿಯವರ ಬೇಡಿಕೆಯೇ ಗೆಲ್ಲುತ್ತದೆ. ಪುಣೆ 2006ರ ಹೊತ್ತಿಗೆ ಇಂಥದ್ದನ್ನು ಶುರು ಮಾಡಿತು, ಪ್ಯಾರಿಸ್ 2014ರಲ್ಲಿ. ಪೋಲೆಂಡಿನಲ್ಲಿ 2018ರ ಕಾನೂನಿನ ಪ್ರಕಾರ ದೊಡ್ಡ ನಗರಗಳು ತಮ್ಮ ಖರ್ಚಿನ ಕನಿಷ್ಠ ಶೇ. 0.5 ಭಾಗವನ್ನು ಹೀಗೆ ಜನರ ತೀರ್ಮಾನಕ್ಕೆ ಬಿಡಲೇಬೇಕು.

ಕೆಲಸ ಮುಗಿದ ಮೇಲಿನ ಕಥೆಯನ್ನೂ ಮೊದಲೇ ಯೋಚಿಸಬೇಕು. ಗಿಡ ನೆಡುವ ದಿನ ನೂರು ಜನ ಇರುತ್ತಾರೆ, ಮೂರನೇ ಬೇಸಿಗೆಯಲ್ಲಿ ನೀರು ಹಾಕುವವರು ಯಾರು? ಆ ಹೆಸರು, ಆ ಖರ್ಚು ಸಲಹೆಯ ಜೊತೆಗೇ ಇರಲಿ.

ಇನ್ನು ನಕ್ಷೆ, ಟೆಂಡರ್ ಎಲ್ಲ ಆಗುವವರೆಗೆ ಕಾಯಬೇಕಿಲ್ಲ, ಮೊದಲು ಸಣ್ಣದಾಗಿ ಮಾಡಿ ನೋಡಬಹುದು. 1974ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಸೈಕಲ್ ಪ್ರಿಯರು ಸೇರಿ ಕೆಲವು ರಸ್ತೆಗಳಿಗೆ ಕೆಲವೇ ಗಂಟೆ ಕಾರು ಬರದಂತೆ ಮಾಡಿಸಿದರು. ಈಗ ಅಲ್ಲಿ ಭಾನುವಾರ, ರಜಾ ದಿನ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ಸುಮಾರು 120 ಕಿಲೋಮೀಟರ್ ರಸ್ತೆ ನಡೆಯುವವರಿಗೆ, ಸೈಕಲ್ ಓಡಿಸುವವರಿಗೆ, ಮಕ್ಕಳಿಗೆ.

ಈ ಭಾನುವಾರ ಮನೆಯ ಎರಡು ಪ್ಲಾಸ್ಟಿಕ್ ಕುರ್ಚಿ ತೆಗೆದುಕೊಂಡು ಹೋಗಿ ಅಮ್ಮ ನಿಲ್ಲುವ ಆ ಎರಡು ಕಡೆ ಇಡುತ್ತೇನೆ. ಎದುರಿಗೆ ನಿಂತು ಯಾರು ಕೂತರು, ಎಷ್ಟು ಹೊತ್ತು ಕೂತರು ಅಂತ ಬರೆದುಕೊಳ್ಳುತ್ತೇನೆ. ಈ ಸಲದ ಅರ್ಜಿಗೆ ಆ ಹಾಳೆಯನ್ನೂ ಪಿನ್ ಮಾಡುತ್ತೇನೆ.